ಒಟಿಪಿ ಬಂತೇನ್ರಿ?

ಯಾದಗಿರಿ, ಶಹಾಪುರ, ಸುರಪುರ, ಈ ಮೂರರಲ್ಲಿ ಯಾವ ಊರಿನ ಸೇವಾ ಕೇಂದ್ರದ ಮುಂದೆ ಬೇಕಾದರೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅರ್ಧ ತಾಸು ನಿಂತು ನೋಡಿ. ಅತಿ ಹೆಚ್ಚು ಸಲ ಕಿವಿಗೆ ಬೀಳುವ ಮಾತು "ಒಟಿಪಿ ಬಂತೇನ್ರಿ?" ಎಂಬುದು. ಪಿಎಂ ಕಿಸಾನ್ ಇ–ಕೆವೈಸಿ ಮಾಡಿಸಲು ಬಂದ ರೈತರಿರುತ್ತಾರೆ, ಪ್ಯಾನ್‌ಗೆ ಆಧಾರ್ ಜೋಡಿಸಲು ಬಂದ ಹುಡುಗರಿರುತ್ತಾರೆ, ಗೃಹಲಕ್ಷ್ಮಿ ಹಣ ಯಾಕೆ ಜಮಾ ಆಗಿಲ್ಲ ಎಂದು ಕೇಳಲು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ ಅವ್ವಂದಿರಿರುತ್ತಾರೆ. ಅವ್ವನ ಕೈಯಲ್ಲೂ ಫೋನ್ ಇದೆ. ಆದರೆ ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರ್ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮಗನದು. ಅಲ್ಲಿಗೆ ಕರೆ ಹೋಗುತ್ತದೆ. "ತಮ್ಮಾ, ನಿನ್ನ ಫೋನಿಗಿ ಆರು ಅಂಕಿ ಬಂದಾವಂತ ನೋಡು, ಲಗೂ ಹೇಳು." ಆ ಕಡೆ ಮಗ ಒಂದೊಂದೇ ಅಂಕಿ ಓದುತ್ತಾನೆ, ಈ ಕಡೆ ಅವ್ವ ಅದನ್ನು ಗಟ್ಟಿಯಾಗಿ ಹೇಳುತ್ತಾಳೆ, ಕಂಪ್ಯೂಟರ್ ಮುಂದಿನ ಹುಡುಗ ಒತ್ತುತ್ತಾನೆ. ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳಿಸುತ್ತದೆ. ಅದೇ ಕೇಂದ್ರದ ಗೋಡೆಯ ಮೇಲೆ ಒಂದು ಪೋಸ್ಟರ್ ಇರುತ್ತದೆ: ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಇದನ್ನು ಜನರ ದಡ್ಡತನ ಎಂದು ತಳ್ಳಿಹಾಕುವವರು ಪೇಟೆಯ ಕಡೆ ನೋಡಬೇಕು. ಗ್ಯಾಸ್ ಸಿಲಿಂಡರ್ ತಂದವನಿಗೆ ಕೋಡ್ ಹೇಳಬೇಕು. ಆನ್‌ಲೈನ್‌ನಲ್ಲಿ ತರಿಸಿದ ಸೀರೆ ಕೈಗೆ ಬರಬೇಕಾದರೆ ಡೆಲಿವರಿ ಹುಡುಗನಿಗೆ ಕೋಡ್ ಹೇಳಬೇಕು. ಬೆಂಗಳೂರಿಗೆ ಹೋದರೆ ಆಟೊ ಹತ್ತುವಾಗಲೂ ಕೋಡ್. ಸರ್ಕಾರದ ಅರ್ಜಿ, ಹೊಸ ಸಿಮ್, ಫೈನಾನ್ಸ್‌ನ ಸಾಲ, ಎಲ್ಲ ಕಡೆಯೂ "ಹೇಳ್ರಿ" ಎನ್ನುವವನು ಒಬ್ಬ ಎದುರಿಗೆ ಕುಳಿತಿರುತ್ತಾನೆ, ನಾವು ಹೇಳುತ್ತೇವೆ, ಕೆಲಸ ಆಗುತ್ತದೆ. ದಿನಕ್ಕೆ ಎರಡು ಸಲ ಹೇಳಿಸಿ ರೂಢಿ ಮಾಡಿಸಿದ ವ್ಯವಸ್ಥೆಯೇ, ಮೂರನೆಯ ಸಲ ಹೇಳಿದ್ದಕ್ಕೆ ನಿಮ್ಮದೇ ತಪ್ಪು ಎನ್ನುತ್ತದೆ. ಆನ್‌ಲೈನ್ ಖಾತೆಗಳ ಸುರಕ್ಷತೆಯ ಬಗ್ಗೆ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

ಈ ಆರಂಕಿ ಬಂದ ಕಾರಣ ಸರಳ. ಪಾಸ್‌ವರ್ಡ್ ಒಂದೇ ಇದ್ದರೆ ಅದನ್ನು ಕದ್ದವನಿಗೆ ಖಾತೆ ಸಿಕ್ಕಂತೆ. ನಾವು ಹತ್ತು ಕಡೆ ಒಂದೇ ಪಾಸ್‌ವರ್ಡ್ ಇಡುವವರು. ಅದರಲ್ಲೂ ಮಗಳ ಹೆಸರು, ಹುಟ್ಟಿದ ವರ್ಷ. ಯಾವುದೋ ಒಂದು ಶಾಪಿಂಗ್ ತಾಣದಿಂದ ಪಟ್ಟಿ ಸೋರಿದರೆ ಅದೇ ಪಾಸ್‌ವರ್ಡನ್ನು ಕಳ್ಳರು ಇಮೇಲ್‌ಗೂ ಬ್ಯಾಂಕಿಗೂ ಹಾಕಿ ನೋಡುತ್ತಾರೆ. ಅದಕ್ಕೇ ಎರಡನೆಯ ಪುರಾವೆ: ನಿಮಗೆ ಗೊತ್ತಿರುವುದೊಂದು, ನಿಮ್ಮ ಕೈಯಲ್ಲಿರುವುದೊಂದು. ಎಟಿಎಂ ಕಾರ್ಡ್ ಮತ್ತು ಪಿನ್ ಇದೇ ಲೆಕ್ಕದವು. ಇಂಟರ್ನೆಟ್ಟಿನಲ್ಲಿ ಕಾರ್ಡ್ ಬಳಸುವಾಗಲೂ ಎರಡನೆಯ ಪುರಾವೆ ಕಡ್ಡಾಯ ಎಂದು ರಿಸರ್ವ್ ಬ್ಯಾಂಕ್ 2009ರಲ್ಲಿಯೇ ನಿಯಮ ತಂದಿತು. ಕಾರ್ಡಿನ ನಂಬರ್ ಒಂದನ್ನೇ ಕದ್ದವನು ದೇಶದೊಳಗಿನ ತಾಣಗಳಲ್ಲಿ ಒಂದೇ ಏಟಿಗೆ ಖಾತೆ ಬರಿದು ಮಾಡುವುದನ್ನು ಈ ನಿಯಮ ತಡೆದಿದೆ. ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ ಓದಿ ಯಾರೂ ಎರಡು ಹಂತದ ಭದ್ರತೆಯನ್ನು ತೆಗೆದುಹಾಕಬಾರದು. ಅದಿಲ್ಲದ ಖಾತೆ ಬಯಲಲ್ಲಿ ಬಿಟ್ಟ ಖಾತೆಯೇ.

ಆದರೆ ಒಟಿಪಿ ಸಾಬೀತು ಮಾಡುವುದು ಬಹಳ ಸಣ್ಣ ಸಂಗತಿ. ಈ ನಂಬರಿಗೆ ಕಳಿಸಿದ ಆರಂಕಿ ಈಗ ಕೇಳುತ್ತಿರುವವನಿಗೆ ಗೊತ್ತಿದೆ, ಅಷ್ಟೇ. ಅವನು ನೀವೋ, ನಿಮ್ಮಿಂದ ಕೇಳಿಸಿಕೊಂಡವನೋ, ನಿಮ್ಮ ಫೋನಿನೊಳಗೆ ಸೇರಿಕೊಂಡವನೋ ಎಂಬುದು ಬ್ಯಾಂಕಿನ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಕಳೆದ ಕೆಲವು ವರ್ಷಗಳ ಎಷ್ಟೋ ವಂಚನೆಗಳು ಈ ಸಂದಿಯಲ್ಲೇ ನುಗ್ಗಿದವು.

2025ರ ಸೆಪ್ಟೆಂಬರ್ 15ರಂದು ಬೆಂಗಳೂರಿನಲ್ಲಿ ನಡೆದದ್ದನ್ನು ನೋಡಿ. ನಟ ಉಪೇಂದ್ರ ಅವರ ಪತ್ನಿ, ನಟಿ ಪ್ರಿಯಾಂಕಾ ಉಪೇಂದ್ರ ಆನ್‌ಲೈನ್‌ನಲ್ಲಿ ಏನೋ ತರಿಸಿದ್ದರು. ಡೆಲಿವರಿಯವನಂತೆ ಮಾತಾಡಿದವನೊಬ್ಬ ಸ್ಟಾರ್, ಹ್ಯಾಶ್ ಇರುವ ಒಂದು ಸಂಖ್ಯೆಯನ್ನು ಒತ್ತಲು ಹೇಳಿದ. ಒತ್ತಿದರು. ಅವರ ವಾಟ್ಸ್‌ಆ್ಯಪ್ ಕೈತಪ್ಪಿತು. ಅದರ ಹಿಂದೆಯೇ ಉಪೇಂದ್ರ ಅವರದೂ ಹೋಯಿತು. ಇವರ ಹೆಸರಿನಲ್ಲಿ ಪರಿಚಯದವರಿಗೆಲ್ಲ ತುರ್ತಾಗಿ 55,000 ರೂಪಾಯಿ ಬೇಕು ಎಂಬ ಸಂದೇಶ ಹೋಯಿತು. ನಿಜವೆಂದು ನಂಬಿ ಕೆಲವರು ಹಣ ಕಳಿಸಿಯೂಬಿಟ್ಟರು. ಯಾರೂ ಹಣ ಕಳಿಸಬೇಡಿ ಎಂದು ಉಪೇಂದ್ರ ಸಾಮಾಜಿಕ ಜಾಲತಾಣದಲ್ಲಿ ವಿಡಿಯೊ ಹಾಕಬೇಕಾಯಿತು, ಪೊಲೀಸರಿಗೆ ದೂರು ಕೊಟ್ಟರು. ಆಮೇಲೆ ಬಿಹಾರದಲ್ಲಿ ಒಬ್ಬ ಆರೋಪಿಯ ಬಂಧನವಾಯಿತು.

ಈ ತಂತ್ರದಲ್ಲಿ ಗಮನಿಸಬೇಕಾದದ್ದು, ಯಾರೂ ಯಾರಿಗೂ ಒಟಿಪಿ ಹೇಳಲಿಲ್ಲ. ಸ್ಟಾರ್, ಹ್ಯಾಶ್‌ಗಳ ಇಂಥ ಸಂಖ್ಯೆಗಳು ಕರೆಗಳನ್ನು ಬೇರೆ ನಂಬರಿಗೆ ತಿರುಗಿಸುವ ಆಜ್ಞೆಗಳು. ಅದನ್ನು ಒತ್ತಿದ ಕ್ಷಣದಿಂದ ನಿಮಗೆ ಬರುವ ಕರೆ ಕಳ್ಳನ ಫೋನಿಗೆ ಹೋಗುತ್ತದೆ. ಅವನು ತನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿಕೊಂಡು ನಿಮ್ಮ ನಂಬರ್ ಕೊಡುತ್ತಾನೆ. ಎಸ್‌ಎಂಎಸ್ ಬರಲಿಲ್ಲ, ಕರೆ ಮಾಡಿ ಹೇಳಿ ಎಂಬ ಆಯ್ಕೆ ಅಲ್ಲಿ ಇದೆಯಲ್ಲ, ಅದನ್ನು ಒತ್ತುತ್ತಾನೆ. ಯಂತ್ರ ಕರೆ ಮಾಡಿ ಆರಂಕಿಯನ್ನು ಸ್ಪಷ್ಟವಾಗಿ ಅವನ ಕಿವಿಯಲ್ಲಿ ಓದುತ್ತದೆ. ನಿಮ್ಮ ಫೋನ್ ರಿಂಗ್ ಕೂಡ ಆಗುವುದಿಲ್ಲ. ಈ ಪಿಡುಗು ಗೊತ್ತಿದ್ದೇ ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಸಂಖ್ಯೆ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತ್ತು. ಒಂದೂವರೆ ವರ್ಷ ಕಳೆದ ಮೇಲೂ ಪರಿಚಿತ ನಟರ ಮನೆಯಲ್ಲೇ ಹೀಗಾಯಿತು ಎಂದರೆ ಆದೇಶದ ಬಿಸಿ ಎಷ್ಟಿತ್ತೆಂದು ಊಹಿಸಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಇದಕ್ಕೆ ಮದ್ದು 2017ರಿಂದಲೂ ಇದೆ. ಸೆಟ್ಟಿಂಗ್‌ನಲ್ಲಿ ಅಕೌಂಟ್, ಅದರೊಳಗೆ ಎರಡು ಹಂತದ ಪರಿಶೀಲನೆ. ನೀವೇ ಆರಿಸಿದ ಆರಂಕಿಯ ಪಿನ್ ಇಟ್ಟರೆ, ಕಳ್ಳನಿಗೆ ಒಟಿಪಿ ಸಿಕ್ಕರೂ ಈ ಪಿನ್ ಗೊತ್ತಿಲ್ಲದೆ ಖಾತೆ ತೆರೆಯುವುದಿಲ್ಲ. ಎರಡು ನಿಮಿಷದ ಕೆಲಸ, ಕಾಸಿಲ್ಲ. ನನ್ನ ಬಳಗದಲ್ಲಿ ಕೇಳಿ ನೋಡಿದರೆ ಇಟ್ಟವರು ಬೆರಳೆಣಿಕೆಯಷ್ಟು. ಇಟ್ಟವರಲ್ಲೂ ಕೆಲವರದು 123456.

ಪಟ್ಟಣದ ಸಿನಿಮಾ ಮಂದಿಯ ಕತೆ ಹಾಗಿರಲಿ, ನಮ್ಮ ಕಡೆ ಹೆಚ್ಚು ಅಪಾಯ ತರುವುದು ಎಪಿಕೆ. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಕಡತ ಬರುತ್ತದೆ. ಅದರ ಮೇಲೆ ಪಿಎಂ ಕಿಸಾನ್ ಪಟ್ಟಿ ಎಂದೋ, ಗಾಡಿಯ ಚಲನ್ ಎಂದೋ, ಬ್ಯಾಂಕಿನ ಕೆವೈಸಿ ಎಂದೋ, ಮದುವೆ ಸೀಜನ್ ಆದರೆ ಲಗ್ನಪತ್ರಿಕೆ ಎಂದೋ ಬರೆದಿರುತ್ತದೆ. ಕಳಿಸಿದವರು ಪರಿಚಯದವರೇ, ಏಕೆಂದರೆ ಅವರ ಫೋನ್ ಈಗಾಗಲೇ ಕೆಟ್ಟಿದೆ, ಅದು ತಾನಾಗಿಯೇ ಎಲ್ಲ ಗುಂಪುಗಳಿಗೂ ಕಳಿಸುತ್ತಿದೆ. ಒತ್ತಿದರೆ ಅದು ಪಿಡಿಎಫ್ ಅಲ್ಲ, ಲಗ್ನಪತ್ರಿಕೆಯ ಚಿತ್ರವೂ ಅಲ್ಲ, ಒಂದು ಆ್ಯಪ್. ಪ್ಲೇ ಸ್ಟೋರ್‌ನ ಹೊರಗಿನಿಂದ ಬಂದದ್ದು, ಅಪಾಯ ಎಂದು ಫೋನ್ ಎಚ್ಚರಿಸುತ್ತದೆ, ಬಹುಪಾಲು ಇಂಗ್ಲಿಷಿನಲ್ಲಿ. ಸರಿ ಎಂದು ಒತ್ತುತ್ತೇವೆ. ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅದಕ್ಕೂ ಸರಿ. ಮುಂದೆ ಹೆಸರು, ಆಧಾರ್, ಕಾರ್ಡ್ ನಂಬರ್ ತುಂಬುವ ಒಂದು ಫಾರಂ ಕಾಣಿಸುತ್ತದೆ, ತುಂಬಿದ ಮೇಲೆ ಆ್ಯಪ್‌ನ ಚಿಹ್ನೆಯೇ ಪರದೆಯಿಂದ ಮಾಯವಾಗುತ್ತದೆ. ಆವತ್ತಿನಿಂದ ಆ ಫೋನಿಗೆ ಬರುವ ಪ್ರತಿ ಎಸ್‌ಎಂಎಸ್ ಕಳ್ಳನಿಗೂ ತಲುಪುತ್ತದೆ. ರಾತ್ರಿ ಎರಡು ಗಂಟೆಗೆ ನೀವು ಮಲಗಿರುವಾಗ ಒಟಿಪಿಗಳು ಬರುತ್ತವೆ, ಹೋಗುತ್ತವೆ. ಕಳ್ಳ ಮನೆಯೊಳಗೇ ಕುಳಿತಿರುವಾಗ ಬಾಗಿಲಿಗೆ ಎರಡು ಚಿಲಕ ಹಾಕಿದಂತೆ ಇದು. ಬ್ಯಾಂಕು ಆಮೇಲೆ ದಾಖಲೆ ತೆಗೆದು, ಸರಿಯಾದ ಒಟಿಪಿ ಬಿದ್ದಿದೆ, ನೀವೇ ಕೊಟ್ಟಿರುತ್ತೀರಿ ಎನ್ನುತ್ತದೆ.

ಶಹಾಪುರದ ಅಡತಿ ಅಂಗಡಿಗಳಲ್ಲಿ ಹತ್ತಿಯ ಹಣ ಜಮಾ ಆಗುವ ದಿನಗಳಲ್ಲಿ ಖಾತೆಯಲ್ಲಿ ಒಂದೆರಡು ಲಕ್ಷ ಒಟ್ಟಿಗೆ ಕಾಣಿಸಿಕೊಳ್ಳುವ ರೈತನಿಗೆ ಇದು ಇಡೀ ವರ್ಷದ ಪ್ರಶ್ನೆ. ಅಂಥವರಿಗೆ ನಾನು ಕೊಡುವ ಸಲಹೆ ತಂತ್ರಜ್ಞಾನದ್ದಲ್ಲ: ಫೋನ್‌ಪೇ, ಗೂಗಲ್ ಪೇ ಇರುವ ಖಾತೆ ಬೇರೆ, ಬೆಳೆಯ ಹಣ ಬೀಳುವ ಖಾತೆ ಬೇರೆ ಇರಲಿ. ದೊಡ್ಡ ಮೊತ್ತದ ಖಾತೆಗೆ ನೆಟ್ ಬ್ಯಾಂಕಿಂಗ್ ಬೇಕೇ ಇಲ್ಲದಿದ್ದರೆ ತೆಗೆಸಿಬಿಡಿ.

ಇನ್ನೊಂದು ದಾರಿ ನಕಲಿ ಪುಟದ್ದು. ಬ್ಯಾಂಕಿನದೇ ಬಣ್ಣ, ಅದೇ ಚಿಹ್ನೆ. ಮೊದಲೆಲ್ಲ ಇಂಥ ಪುಟ ಪಾಸ್‌ವರ್ಡ್ ಮಾತ್ರ ಕದಿಯುತ್ತಿತ್ತು. ಈಗಿನವು ನಡುವೆ ಕುಳಿತ ದಲ್ಲಾಳಿಗಳು: ನೀವು ಇಲ್ಲಿ ಬರೆದದ್ದನ್ನು ಅದೇ ಕ್ಷಣಕ್ಕೆ ಅಸಲಿ ತಾಣಕ್ಕೆ ದಾಟಿಸುತ್ತವೆ. ಅಸಲಿ ತಾಣ ಒಟಿಪಿ ಕಳಿಸುತ್ತದೆ, ಅಸಲಿ ಒಟಿಪಿಯೇ ನಿಮ್ಮ ಫೋನಿಗೆ ಬರುತ್ತದೆ, ನೀವು ನಕಲಿ ಪುಟದಲ್ಲಿ ಹಾಕುತ್ತೀರಿ, ಅವರು ಒಳಗೆ ಹೋಗುತ್ತಾರೆ. ಎಸ್‌ಎಂಎಸ್ ಬಿಟ್ಟು ಗೂಗಲ್ ಅಥೆಂಟಿಕೇಟರ್‌ನಂಥ ಆ್ಯಪ್ ಬಳಸಿದರೂ ಈ ಮೋಸ ನಿಲ್ಲುವುದಿಲ್ಲ. ಆ ಆ್ಯಪ್ ಮೂವತ್ತು ಸೆಕೆಂಡಿಗೊಮ್ಮೆ ಅಂಕಿ ಬದಲಿಸುತ್ತದೆ, ಸಿಮ್ ಕದ್ದವನಿಗೆ, ಕರೆ ತಿರುಗಿಸಿದವನಿಗೆ ಅದು ಸಿಗುವುದಿಲ್ಲ, ಅಷ್ಟರ ಮಟ್ಟಿಗೆ ಎಸ್‌ಎಂಎಸ್‌ಗಿಂತ ಎಷ್ಟೋ ಮೇಲು. ಆದರೆ ದಾಟಿಸಲು ಮೂವತ್ತು ಸೆಕೆಂಡ್ ಧಾರಾಳ ಸಾಕು.

2022ರ ಆಗಸ್ಟ್‌ನಲ್ಲಿ ಅಮೆರಿಕದ ಟ್ವಿಲಿಯೊ ಎಂಬ ಕಂಪನಿಯ ನೌಕರರಿಗೆ ಇಂಥದೇ ನಕಲಿ ಪುಟದ ಕೊಂಡಿ ಎಸ್‌ಎಂಎಸ್‌ನಲ್ಲಿ ಬಂತು. ಕೆಲವರು ಮೋಸಹೋದರು, ಗ್ರಾಹಕರ ಮಾಹಿತಿ ಸೋರಿತು. ತಮಾಷೆಯೆಂದರೆ, ಬೇರೆ ಕಂಪನಿಗಳ ಒಟಿಪಿ ಸಂದೇಶಗಳನ್ನು ಸಾಗಿಸುವುದೇ ಟ್ವಿಲಿಯೊದ ವ್ಯಾಪಾರಗಳಲ್ಲೊಂದು. ಅದೇ ಹೊತ್ತಿಗೆ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ನೌಕರರಿಗೂ ಅಂಥ ಸಂದೇಶ ಬಂತು. ಅಲ್ಲಿಯೂ ಮೂವರು ನಂಬಿ ತಮ್ಮ ಪಾಸ್‌ವರ್ಡ್ ಹಾಕಿದರು. ಆದರೂ ಕಳ್ಳರಿಗೆ ಒಳಗೆ ಹೋಗಲು ಆಗಲಿಲ್ಲ. ಅಲ್ಲಿನ ನೌಕರರ ಎರಡನೆಯ ಪುರಾವೆ ಅಂಕಿಯಾಗಿರಲಿಲ್ಲ, ಕಂಪ್ಯೂಟರಿಗೆ ಚುಚ್ಚುವ ಒಂದು ಸಣ್ಣ ಸಾಧನವಾಗಿತ್ತು. ತಾಣದ ವಿಳಾಸ ಅಸಲಿಯೋ ನಕಲಿಯೋ ಎಂದು ಆ ಸಾಧನವೇ ನೋಡಿಕೊಳ್ಳುತ್ತದೆ. ಒಂದಕ್ಷರ ವ್ಯತ್ಯಾಸವಿದ್ದರೂ ಉತ್ತರ ಕೊಡುವುದಿಲ್ಲ. ಮನುಷ್ಯನ ಕಣ್ಣು ಮೋಸಹೋದರೂ ಯಂತ್ರ ಹೋಗಲಿಲ್ಲ. ಈ ವಿದ್ಯೆಯೇ ಈಗ ಪಾಸ್‌ಕೀ ಎಂಬ ಹೆಸರಿನಲ್ಲಿ ಸಾಮಾನ್ಯ ಫೋನಿಗೂ ಬಂದಿದೆ. ಗೂಗಲ್ 2023ರ ಮೇ ತಿಂಗಳಿಂದ ಎಲ್ಲ ಖಾತೆಗಳಿಗೂ ಕೊಟ್ಟಿದೆ. ಫೋನ್ ತೆರೆಯುವ ಬೆರಳಚ್ಚನ್ನೋ ಪಿನ್ನನ್ನೋ ಕೊಟ್ಟರೆ ಸಾಕು, ಓದಿ ಹೇಳಲು ಅಂಕಿಯೇ ಇರುವುದಿಲ್ಲ. ಹೇಳಲು ಏನೂ ಇಲ್ಲದಿದ್ದರೆ ಕೇಳುವವನು ತಾನೇ ಏನು ಮಾಡಿಯಾನು?

ಮಾತಿನಲ್ಲೇ ಮರುಳು ಮಾಡುವ ಈ ಕಸುಬು ಹೊಸದೇನೂ ಅಲ್ಲ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಟ್ಟಿಸಿಕೊಂಡು 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ, ಬಾಲಕ ವೆಂಕಟಪ್ಪ ನಾಯಕನ ಕೈಯಲ್ಲಿ "ಅಪ್ಪಾ" ಎನ್ನಿಸಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬರುವ ಮೊದಲೇ, 1839ರಲ್ಲಿ, ಥಗ್ಗರೆಂಬ ದಾರಿಗಳ್ಳರ ಬಗ್ಗೆ ಒಂದು ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಅದರಲ್ಲಿ ಥಗ್ಗರ ಕೈಯಲ್ಲಿರುವುದು ಬರಿಯ ರುಮಾಲು. ಅದನ್ನು ಬಳಸುವ ಮುಂಚೆ ಅವರು ದಾರಿಹೋಕರ ಜೊತೆ ದಿನಗಟ್ಟಲೆ ನಡೆಯುತ್ತಾರೆ, ಉಣ್ಣುತ್ತಾರೆ, ದಾರಿಯಲ್ಲಿ ಕಳ್ಳರಿದ್ದಾರೆ, ನಮ್ಮ ಜೊತೆಯಲ್ಲೇ ಬನ್ನಿ ಎಂದು ಎಚ್ಚರಿಸುತ್ತಾರೆ. ಇವತ್ತು "ನಿಮ್ಮ ಖಾತೆಯಲ್ಲಿ ಅಕ್ರಮ ವ್ಯವಹಾರ ಕಂಡಿದೆ, ತಡೆಯಲು ಈಗ ಬಂದ ಒಟಿಪಿ ಹೇಳಿ" ಎನ್ನುವವನು ಅದೇ ಪಾಠ ಓದಿದವನು.

ಒಟಿಪಿಯನ್ನು ಕೇಳದೆಯೇ ಖಾತೆಯೊಳಗೆ ಬರುವವರೂ ಇದ್ದಾರೆ. ಆಧಾರ್ ಪ್ರತಿಯೋ ಅಂಕಪಟ್ಟಿಯೋ ಪ್ರಿಂಟ್ ಬೇಕೆಂದು ಝೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು, ಫೋನ್ ಹಿಡಿದು ಚೌಕವನ್ನು ಸ್ಕ್ಯಾನ್ ಮಾಡುತ್ತೇವೆ, ಪ್ರಿಂಟ್ ತೆಗೆದುಕೊಂಡು ಐದು ರೂಪಾಯಿ ಕೊಟ್ಟು ಬರುತ್ತೇವೆ. ಅಲ್ಲಿ ನಮ್ಮ ವಾಟ್ಸ್‌ಆ್ಯಪ್ ತೆರೆದೇ ಇರುತ್ತದೆ, ನಾಳೆಯೂ, ಮುಂದಿನ ವಾರವೂ. ಅಂಗಡಿಯವನು ಒಳ್ಳೆಯವನೇ ಇರಬಹುದು; ಅವನ ನಂತರ ಅದೇ ಕುರ್ಚಿಯಲ್ಲಿ ಕುಳಿತವನ ಬಗ್ಗೆ ಹಾಗೆ ಹೇಳಲಾಗದು. ಒಮ್ಮೆ ಒಳಗೆ ಬಿಟ್ಟ ಸಾಧನವನ್ನು ಎರಡು ಹಂತದ ಭದ್ರತೆ ಮತ್ತೆ ಮತ್ತೆ ವಿಚಾರಿಸುವುದಿಲ್ಲ. ದೊಡ್ಡ ಯೂಟ್ಯೂಬ್ ಚಾನೆಲ್‌ಗಳನ್ನು ಕಳ್ಳರು ಕಿತ್ತುಕೊಂಡದ್ದೂ ಎಷ್ಟೋ ಸಲ ಹೀಗೇ: ಜಾಹೀರಾತಿನ ಒಪ್ಪಂದ ಎಂದು ಕಡತ ಕಳಿಸಿ, ಕಂಪ್ಯೂಟರ್‌ನಲ್ಲಿ ಉಳಿದಿರುವ ಲಾಗಿನ್ ಗುರುತನ್ನೇ ಎತ್ತಿಕೊಂಡು ಹೋದರು. ಪಾಸ್‌ವರ್ಡೂ ಬೇಕಾಗಲಿಲ್ಲ, ಒಟಿಪಿಯೂ ಬೇಕಾಗಲಿಲ್ಲ. ಈ ಬರಹ ಓದಿದವರು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬುದನ್ನು ಒಮ್ಮೆ ತೆರೆದು ನೋಡಿ. ಗುರುತಿಲ್ಲದ ಕಂಪ್ಯೂಟರ್ ಕಂಡರೆ ತೆಗೆದುಹಾಕಿ.

ನಮ್ಮ ಯಾದಗಿರಿ ಜಿಲ್ಲೆಗೆ ವಿಶೇಷವಾದ ಕಷ್ಟ ಒಂದಿದೆ, ಅದರ ಬಗ್ಗೆ ಬೆಂಗಳೂರಿನ ತಜ್ಞರು ಬರೆಯುವುದು ಕಡಿಮೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಮುಟ್ಟದ ಊರುಗಳಿಂದ, ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ: ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಹೋದ ಕಡೆ ಹೊಸ ಸಿಮ್. ಹಳೆಯದಕ್ಕೆ ರೀಚಾರ್ಜ್ ಹಾಕುವವರಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ, ಆಧಾರ್‌ನಲ್ಲಿ ಉಳಿದಿರುವುದು ಹಳೆಯದೇ. ಬಳಸದೆ ಬಿಟ್ಟ ನಂಬರನ್ನು ಕಂಪನಿ ರದ್ದು ಮಾಡುತ್ತದೆ. ರದ್ದಾದ ಮೇಲೆ 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಹೊಸ ಗಿರಾಕಿಗೆ ಕೊಡಬಹುದು. ಅಂದರೆ ಹುಣಸಗಿ ಕಡೆಯ ಒಬ್ಬ ಹೆಣ್ಣುಮಗಳ ಖಾತೆಯ ಒಟಿಪಿ ಇನ್ನಾವುದೋ ಜಿಲ್ಲೆಯ ಅಪರಿಚಿತನ ಫೋನಿಗೆ ಹೋಗುತ್ತಿರಬಹುದು. ಅವನು ಸಜ್ಜನನಾಗಿದ್ದರೆ ಇವಳಿಗೆ ಹಣ ತೆಗೆಯಲು ಆಗುವುದಿಲ್ಲ, ಅಷ್ಟೇ. ಅಲ್ಲದಿದ್ದರೆ ಕತೆ ಬೇರೆ. ಎರಡನೆಯ ಪುರಾವೆ ಎಂದರೆ ನಿಮ್ಮ ಕೈಯಲ್ಲಿರುವ ವಸ್ತು ಎಂದು ಆ ವ್ಯವಸ್ಥೆಯನ್ನು ಕಟ್ಟಿದವರು ಭಾವಿಸಿದ್ದರು. ಫೋನ್ ಮನೆಗೊಂದೇ ಇರುವ, ನಂಬರ್ ವರ್ಷಕ್ಕೊಂದು ಆಗುವ, ಅವ್ವನ ಖಾತೆಗೆ ಮಗನ ನಂಬರ್ ಇರುವ ಮನೆ ಅವರ ಲೆಕ್ಕದಲ್ಲಿ ಇರಲಿಲ್ಲ.

ಹೆಬ್ಬೆಟ್ಟೇ ಒಳ್ಳೆಯದಲ್ಲವೇ, ಅದನ್ನು ಯಾರು ಕದಿಯುತ್ತಾರೆ ಎಂದು ಕೇಳುವವರಿದ್ದಾರೆ. ಕದ್ದರು, ನಮ್ಮ ರಾಜ್ಯದಲ್ಲೇ ಕದ್ದರು. ಆಧಾರ್ ಆಧಾರಿತ ಪಾವತಿಯಲ್ಲಿ ಬ್ಯಾಂಕ್ ಮಿತ್ರನ ಸಣ್ಣ ಯಂತ್ರದ ಮುಂದೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹೇಳಿ ಬೆರಳಿಟ್ಟರೆ ಹಣ ಬರುತ್ತದೆ. ಪಿನ್ ಇಲ್ಲ, ಒಟಿಪಿ ಇಲ್ಲ. ಎಟಿಎಂ ಇಲ್ಲದ ಹಳ್ಳಿಗಳಿಗೆ ಇದು ದೊಡ್ಡ ಆಸರೆ. 2023ರಲ್ಲಿ ಬೆಂಗಳೂರಿನ ಹಲವರ ಖಾತೆಗಳಿಂದ ಅವರಿಗೆ ಗೊತ್ತೇ ಇಲ್ಲದೆ ಈ ದಾರಿಯಲ್ಲಿ ಹಣ ಹೋಯಿತು. ಹುಡುಕುತ್ತ ಹೋದಾಗ ಬೊಟ್ಟು ಹೋದದ್ದು ಆಸ್ತಿ ನೋಂದಣಿಯ ಕಾಗದಗಳ ಕಡೆಗೆ. ಕ್ರಯಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪ್ರತಿ ಪಡೆಯುವುದು ಕಷ್ಟವಿರಲಿಲ್ಲ. ಆ ಗುರುತಿನಿಂದ ನಕಲಿ ಬೆರಳಚ್ಚು ಮಾಡಿದ್ದರು. ಆಮೇಲೆ ಕಂದಾಯ ಸಚಿವ ಕೃಷ್ಣ ಬೈರೇಗೌಡರ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಸಿಮ್ ಹೋದರೆ ಬೇರೆ ತರಬಹುದು. ಹೆಬ್ಬೆಟ್ಟಿಗೆ ಬದಲಿ ಎಲ್ಲಿಂದ ತರುವುದು? ಹೊಲ ಮಾರಿದವರು, ಕೊಂಡವರು ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಟ್ಟು, ಬೇಕಾದಾಗ ತೆರೆದುಕೊಳ್ಳುವುದು ಕ್ಷೇಮ. ಪಡಿತರಕ್ಕೂ ವೇತನಕ್ಕೂ ಬೆರಳನ್ನೇ ನೆಚ್ಚಿಕೊಂಡ ಕೂಲಿಕಾರರಿಗೆ ಈ ಸಲಹೆ ಹೇಳುವುದು ಸುಲಭ, ಅವರು ಪಾಲಿಸುವುದು ಸುಲಭವಲ್ಲ ಎಂಬುದೂ ನಿಜ.

ನಾವು ಎಷ್ಟೇ ಜಾಗ್ರತೆಯಿಂದಿದ್ದರೂ ಬ್ಯಾಂಕಿನ, ಸರ್ಕಾರದ ಕಡೆಯ ಕಂಪ್ಯೂಟರ್ ಸಡಿಲವಾಗಿದ್ದರೆ ಏನೂ ಮಾಡುವಂತಿಲ್ಲ. 2019ರಲ್ಲಿ ರಾಜ್ಯ ಸರ್ಕಾರದ ಟೆಂಡರ್‌ಗಳು ನಡೆಯುವ ಇ–ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಸುಮಾರು ಹನ್ನೊಂದೂವರೆ ಕೋಟಿ ರೂಪಾಯಿ ಹ್ಯಾಕರ್‌ಗಳ ಪಾಲಾಯಿತು, ಅದರಲ್ಲಿ ಟೆಂಡರ್ ಹಾಕಿದ ಯಾವ ಗುತ್ತಿಗೆದಾರನೂ ಒಟಿಪಿ ಹೇಳಿರಲಿಲ್ಲ.

ಹಾಗಾದರೆ ನಷ್ಟ ಯಾರ ತಲೆಗೆ? 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಲ್ಲೋ ಆಗಿದ್ದು, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ. ತಡವಾದಷ್ಟೂ ಹೊಣೆ ಬೆಳೆಯುತ್ತದೆ. ಗ್ರಾಹಕನೇ ಗುಟ್ಟಿನ ಅಂಕಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ಬ್ಯಾಂಕುಗಳು ಈ ಕೊನೆಯ ವಾಕ್ಯವನ್ನು ಚೆನ್ನಾಗಿ ನೆನಪಿಟ್ಟುಕೊಂಡಿವೆ, ಮೊದಲ ವಾಕ್ಯವನ್ನು ನಾವು ನೆನಪಿಸಬೇಕು. ಎಸ್‌ಎಂಎಸ್ ಒಂದನ್ನೇ ನೆಚ್ಚಿ ಕೂರುವುದು ಸಾಲದೆಂದು ರಿಸರ್ವ್ ಬ್ಯಾಂಕಿಗೂ ಅನ್ನಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದು ಹೊರಡಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದ ನಿರ್ದೇಶನದಲ್ಲಿ ಎರಡು ಪುರಾವೆ ಕಡ್ಡಾಯವಾಗಿಯೇ ಉಳಿದಿವೆ. ಆದರೆ ಎರಡನೆಯದು ಒಟಿಪಿಯೇ ಆಗಬೇಕಿಲ್ಲ, ಬೇರೆ ವಿಧಾನಗಳಿಗೂ ದಾರಿ ಇದೆ, ನಿಯಮ ಪಾಲಿಸದೆ ಗ್ರಾಹಕನಿಗೆ ನಷ್ಟವಾದರೆ ಬ್ಯಾಂಕೇ ತುಂಬಿಕೊಡಬೇಕು.

ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ ಇಮೇಲಿನಿಂದ ಶುರುವಾಗಲಿ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಅಲ್ಲಿಗೇ, ಆದ್ದರಿಂದ ಅದಕ್ಕೆ ಬೇರೆಲ್ಲೂ ಇಲ್ಲದ ಪಾಸ್‌ವರ್ಡ್, ಸಾಧ್ಯವಾದರೆ ಪಾಸ್‌ಕೀ. ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಹೊಲದ ಪತ್ರಗಳ ಜೊತೆ ಇಡಿ. ಫೋನ್ ಕೆಟ್ಟರೆ, ಕಳೆದರೆ ನಿಮ್ಮನ್ನು ನಿಮ್ಮದೇ ಖಾತೆ ಹೊರಗೆ ನಿಲ್ಲಿಸಬಾರದಲ್ಲ. ಕರೆಗಳು ಬೇರೆ ಕಡೆ ತಿರುಗಿವೆಯೇ ಎಂದು *#21# ಒತ್ತಿ ನೋಡಬಹುದು, ##002# ಒತ್ತಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಕೆಲವು ಕಂಪನಿಗಳಲ್ಲಿ ಈ ಸಂಖ್ಯೆ ಬೇರೆ, ಆಗ ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ ನೋಡಬೇಕು. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇದು ಗೊತ್ತಿಲ್ಲದವರು ಈಗಲೂ ಇದ್ದಾರೆ, ಮನೆಯ ಹಿರಿಯರಿಗೆ ಕೂರಿಸಿಕೊಂಡು ಹೇಳಿ.

ಆದರೆ ಎಲ್ಲವನ್ನೂ ಜನರ ಎಚ್ಚರಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಒಟಿಪಿಯ ಸಂದೇಶದಲ್ಲಿ ಅಂಕಿಯ ಅಕ್ಕಪಕ್ಕ ಇನ್ನೂ ಒಂದೆರಡು ಸಾಲು ಇರುತ್ತವೆ: ಇದು ಯಾವ ಕೆಲಸಕ್ಕೆ, ಎಷ್ಟು ಹಣಕ್ಕೆ, ಯಾರಿಗೆ. ಆ ಸಾಲನ್ನು ಓದಿದವನಿಗೆ ಅರ್ಜಿಯ ಒಟಿಪಿಗೂ 40,000 ರೂಪಾಯಿ ಕಳಿಸುವ ಒಟಿಪಿಗೂ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆ ಸಾಲು ಬರುವುದು ಇಂಗ್ಲಿಷಿನಲ್ಲಿ, ಮೊಟಕು ಮಾಡಿದ ಪದಗಳಲ್ಲಿ. ಅವ್ವನಿಗೆ ಅರ್ಥವಾಗುವುದು ಆರು ಅಂಕಿ ಮಾತ್ರ, ಅದನ್ನೇ ಅವಳು ಹೇಳುತ್ತಾಳೆ. ಕರ್ನಾಟಕದ ಗ್ರಾಹಕರಿಗೆ ಬ್ಯಾಂಕುಗಳು ಈ ಸಂದೇಶವನ್ನು ಕನ್ನಡದಲ್ಲಿ, ಕೆಲಸ ಮತ್ತು ಮೊತ್ತ ಮೊದಲು, ಅಂಕಿ ಕೊನೆಯಲ್ಲಿ ಬರುವಂತೆ ಕಳಿಸಲಿ. ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಡ. ಸರ್ಕಾರಿ ಸೇವಾ ಕೇಂದ್ರಗಳಲ್ಲಿ ಒಟಿಪಿಯನ್ನು ಬಾಯಲ್ಲಿ ಕೇಳುವುದನ್ನು ನಿಲ್ಲಿಸಿ, ಗ್ರಾಹಕರೇ ಒತ್ತಲು ಒಂದು ಸಣ್ಣ ಕೀಲಿಮಣೆ ಕೌಂಟರಿನ ಹೊರಗೆ ಇಡಲು ಜಿಲ್ಲಾಡಳಿತ ಒಂದು ಸುತ್ತೋಲೆ ಹೊರಡಿಸಬಹುದು. ಲೀಡ್ ಬ್ಯಾಂಕಿನ ಮುಂದಿನ ಸಭೆಯಲ್ಲಿ ಈ ಎರಡನ್ನೂ ಯಾರಾದರೂ ಎತ್ತಬೇಕು. ಶಾಸಕರು, ತಾಲ್ಲೂಕಿನ ರೈತ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಯಾರು ಎತ್ತಿದರೂ ಸರಿ.

ಅಷ್ಟರೊಳಗೆ ಹಣ ಹೋದರೆ ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಯಾದಗಿರಿಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ದೂರು ಕೊಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತ ಹೋಗುತ್ತದೆ. ನಡುವೆ ಎಲ್ಲಾದರೂ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.